ನೀಲಿ ಟಿಕ್ ಬಿತ್ತು, ಫಿಟ್ಟರ್ ಬರ್ಲಿಲ್ಲ: ಮಲೆನಾಡಿನ ಒಂದು ಅಡಿಕೆ ಮಷಿನ್ ಕಂಪನಿಯ ಪ್ರಕರಣ

ಶಿವಮೊಗ್ಗದ ಸಾಗರ ರೋಡ್ ಕಡೆ ಅಡಿಕೆ ಸುಲಿಯೋ ಮಷಿನ್ ಮಾಡಿ ಮಾರೋ ಒಂದು ಕಂಪನಿ ಇದೆ. ಹೆಸರು ಹಾಕಲ್ಲ, ಮಾಲೀಕರು ಎಲ್ಲಾ ದಾಖಲೆ ತೋರಿಸಿದ್ದು ಅದೇ ಮಾತಿನ ಮೇಲೆ. ನಾನು ಅವರ ಲೆಕ್ಕಪತ್ರ, ಜಿಎಸ್‌ಟಿ ನೋಡ್ಕೊಳ್ಳೋನು, ಹಾಗಾಗಿ ಆಫೀಸಿಗೆ ಆಗಾಗ ಹೋಗ್ತಿರ್ತೀನಿ. ಗಿರಾಕಿಗಳು ತೀರ್ಥಹಳ್ಳಿ, ಹೊಸನಗರ, ಸಾಗರ, ಆ ಕಡೆ ಕೊಪ್ಪ, ಶೃಂಗೇರಿವರೆಗೂ ಇದಾರೆ. ಮುಂಚೆಯೆಲ್ಲಾ ಮಷಿನ್ ಕೆಟ್ರೆ ಮಾಲೀಕರ ಸ್ವಂತ ನಂಬರಿಗೇ ಫೋನ್, ಅವರು ಒಂದು ನೋಟ್ ಬುಕ್ಕಲ್ಲಿ ಬರ್ಕೊಂಡು ಫಿಟ್ಟರ್ ಹುಡುಗರಿಗೆ ಹೇಳೋರು, ಸೀಸನ್ನಲ್ಲಿ ಊಟಕ್ಕೆ ಕೂತಾಗ್ಲೂ ಫೋನ್ ಬಿಡ್ತಿರ್ಲಿಲ್ಲ. ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೋನು ಊರಿಗೆ ವಾಪಸ್ ಬಂದ್ಮೇಲೆ ಇದೆಲ್ಲಾ ಸರಿಮಾಡ್ಬೇಕು ಅಂತ ಒಂದು ವ್ಯವಸ್ಥೆ ತಂದ. ವಾಟ್ಸಾಪ್ ಬಿಸಿನೆಸ್ ಅಕೌಂಟ್, ಅದಕ್ಕೊಂದು ಬಾಟ್ (ತಾನಾಗೇ ಉತ್ತರ ಕೊಡೋ ಸಾಫ್ಟ್‌ವೇರ್), ಟೋಲ್ ಫ್ರೀ ನಂಬರ್, ಪ್ರತಿ ದೂರಿಗೂ ಒಂದು ಟಿಕೆಟ್ ನಂಬರ್, ಫಿಟ್ಟರ್‌ಗಳ ಫೋನಲ್ಲಿ ಒಂದು ಆಪ್, ಆಫೀಸಲ್ಲಿ ಇದರ ಲೆಕ್ಕವೆಲ್ಲಾ ಒಂದೇ ಕಡೆ ತೋರಿಸೋ ಒಂದು ಡ್ಯಾಶ್‌ಬೋರ್ಡ್. ಹುಡುಗ ಕಷ್ಟಪಟ್ಟು ಮಾಡಿದ್ದು, ಉದ್ದೇಶನೂ ಚೆನ್ನಾಗೇ ಇತ್ತು.

ಸೀಸನ್ ಬಂತು. ಮೊದಲ ಉತ್ತರ ಹೋಗೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋ ಲೆಕ್ಕ ಡ್ಯಾಶ್‌ಬೋರ್ಡಲ್ಲಿ ಸೆಕೆಂಡುಗಳಿಗೆ ಇಳೀತು. ಫಿಟ್ಟರ್‌ಗಳು ಅವರೇ, ಗಾಡಿ ಅದೇ, ರೂಟ್ ಪ್ಲ್ಯಾನ್ ಸ್ವಲ್ಪ ಸುಧಾರಿಸಿದ್ರಿಂದ ಹಿಂದಿನ ವರ್ಷಕ್ಕಿಂತ ಒಂಚೂರು ಬೇಗನೇ ಮನೆ ಮುಟ್ತಾ ಇದ್ರು, ಇದನ್ನ ನಾನು ಹಳೇ ನೋಟ್ ಬುಕ್ ಜೊತೆ ಕೂತು ತಾಳೆ ನೋಡಿದೀನಿ. ಆದ್ರೂ ಗೂಗಲ್ಲಲ್ಲಿ ರೇಟಿಂಗ್ ಇಳೀತಾ ಹೋಯ್ತು. ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಥರದ ಮಾತು: "ಅವರು ಮೆಸೇಜ್ ನೋಡ್ತಾರೆ ಮಾರಾಯ್ರೆ, ನೋಡಿ ಸುಮ್ನಿರ್ತಾರೆ." ಇಪ್ಪತ್ತು ವರ್ಷದಿಂದ ಇವರ ಮಷಿನ್ನೇ ತಗೊಂಡೋರೂ ಹಂಗೇ ಹೇಳ್ತಾ ಇದ್ರು. ಕೆಲಸ ಬೇಗ ಆಗ್ತಿದೆ, ಜನ ಮಾತ್ರ ನಿಧಾನ ಅಂತಿದಾರೆ, ಯಾಕೆ? ಮಾಲೀಕರು ನನ್ನ ಹತ್ರ ಕೇಳಿದ್ದು ಇಷ್ಟೇ. ಈ ಬರಹ ಅದನ್ನ ಹುಡುಕ್ಕೊಂಡು ಹೋದಾಗ ಸಿಕ್ಕಿದ್ದು.

ಅಡಿಕೆ ಗೊತ್ತಿಲ್ದೋರಿಗೆ ಒಂದು ಮಾತು ಹೇಳ್ಬೇಕು, ಇಲ್ಲಾಂದ್ರೆ ಇಷ್ಟು ಆತಂಕ ಯಾಕೆ ಅಂತ ಅರ್ಥ ಆಗಲ್ಲ. ನಮ್ಮ ಕಡೆ ಕೆಂಪಡಿಕೆಗೆ ಕೊನೆ (ಅಡಿಕೆ ಗೊನೆ) ತೆಗೆಯೋದು ಕಾಯಿ ಇನ್ನೂ ಹಸಿರಿದ್ದಾಗ್ಲೇ. ಕೊಯ್ದ ಮೇಲೆ ಬೇಗ ಸುಲೀಬೇಕು, ಚೊಗರು (ಅಡಿಕೆ ಬೇಯಿಸಿ ಉಳಿದ ರಸ) ಹಾಕಿ ಬೇಯಿಸ್ಬೇಕು, ಬಿಸಿಲಿಗೆ ಹರವಬೇಕು, ಇದು ಒಂದರ ಹಿಂದೆ ಒಂದು ಸಾಗೋ ಕೆಲಸ, ನಡುವೆ ಒಂದು ನಿಂತ್ರೆ ಹಿಂದಿಂದೆಲ್ಲಾ ಗುಡ್ಡೆ ಬೀಳುತ್ತೆ. ರಾಶಿ ಬಿದ್ದಿರೋ ಅಡಿಕೆ ಹಾಳಾದ್ರೆ ಮಂಡೀಲಿ ರೇಟ್ ಬೀಳುತ್ತೆ. ಕೊನೆ ತೆಗೆಯೋರು ಸಿಗೋದೇ ಕಷ್ಟ, ಅವರು ಇವತ್ತು ಬಂದ್ರೆ ಇವತ್ತೇ ತೆಗೆಸ್ಬೇಕು, ನಮ್ಮ ಮಷಿನ್ ಕೆಟ್ಟಿದೆ ನಾಳಿದ್ದು ಬನ್ನಿ ಅನ್ನೋ ಹಂಗಿಲ್ಲ. ಮಷಿನ್ ಕೈಕೊಟ್ರೆ ಮನೆ ಹೆಂಗಸರು, ಅಕ್ಕಪಕ್ಕದೋರು ಕೈಯಲ್ಲಿ ಅಡಿಕೆ ಸುಲಿಯೋ ಮೆಟ್ಟುಗತ್ತಿ ಹಿಡ್ಕೊಂಡು ರಾತ್ರಿ ಹನ್ನೊಂದು ಗಂಟೆವರೆಗೂ ಕೂರ್ಬೇಕು. ಹಾಗಾಗಿ ಅವರು ಮೊದ್ಲು ಕೇಳೋ ಪ್ರಶ್ನೆ ಯಾವಾಗ ಬರ್ತೀರಿ ಅನ್ನೋದು. ಯಾಕಂದ್ರೆ ಫಿಟ್ಟರ್ ನಾಳೆ ಬರ್ತಾನೆ ಅಂದ್ರೆ ಒಂದು ದಿನಕ್ಕೆ ಸುಲಿಯೋರನ್ನ ಕರೆಸಿದ್ರೆ ಸಾಕು, ಮೂರು ದಿನ ಅಂದ್ರೆ ನೆಂಟರ ಮನೆ ಮಷಿನ್ನಿಗೆ ಸಾಗಿಸ್ಬೇಕು. ಗೊತ್ತೇ ಇಲ್ಲ ಅಂದ್ರೆ ಎರಡೂ ಮಾಡೋಕಾಗಲ್ಲ.

ಈಗ ಒಂದೇ ಒಂದು ದೂರನ್ನ ಮೊದಲಿಂದ ಕೊನೆವರೆಗೆ ನೋಡೋಣ. ಹೊಸನಗರ ತಾಲೂಕಲ್ಲಿ ನಗರ ಅನ್ನೋ ಊರಿನ ಕಡೆಯ ಒಂದು ಮನೆ. ಅಮ್ಮ, ಅಪ್ಪ, ಸೊಸೆ ಊರಲ್ಲಿ, ಮಗ ವಾರದ ದಿನ ಬೆಂಗಳೂರಲ್ಲಿ. ಸಂಜೆ ಮಷಿನ್ ನಿಂತಿದೆ. ಸೊಸೆ ಮಷಿನ್ ಸೌಂಡ್ ಕೇಳೋ ಹಾಗೆ ಒಂದು ಸಣ್ಣ ವಿಡಿಯೋ ತೆಗೆದು, ಜೊತೆಗೊಂದು ವಾಯ್ಸ್ ಮೆಸೇಜ್ ಹಾಕಿದಾರೆ: "ಮೋಟರ್ ಗುಂಯ್ ಅಂತದೆ, ತಿರುಗೋದಿಲ್ಲ. ನಾಳೆ ಮತ್ತೆ ಕೊನೆ ತೆಗೆಯೋರು ಬರ್ತಾರೆ, ಯಾರಾದ್ರೂ ಬೆಳಿಗ್ಗೆ ಬರ್ಲಿಕ್ಕಾಗ್ತದಾ ಹೇಳಿ." ಮನೆ ಹತ್ರ ಸಿಗ್ನಲ್ ಇಲ್ಲ, ವಿಡಿಯೋ ಹೋಗ್ಲಿಕ್ಕೆ ಅಂತ ದರೆ ಹತ್ತಿ ಒಂದು ಕಡ್ಡಿ ಸಿಗ್ನಲ್ ಬರೋ ಜಾಗದಲ್ಲಿ ನಿಂತಿದಾರೆ. ಹೋಯ್ತು. ತಕ್ಷಣ ಎರಡು ನೀಲಿ ಟಿಕ್.

ನನ್ನ ಪ್ರಕಾರ ಇಡೀ ಪ್ರಕರಣ ತಿರುಗಿದ್ದು ಆ ನೀಲಿ ಟಿಕ್ ಹತ್ರ. 2014ರ ನವೆಂಬರಲ್ಲಿ ವಾಟ್ಸಾಪ್ ನೀಲಿ ಟಿಕ್ ತಂದ ಮೇಲೆ ನಮ್ಮ ಜನಕ್ಕೆ ಅದರ ಅರ್ಥ ಒಂದೇ, ಆ ಕಡೆ ಒಬ್ಬ ಮನುಷ್ಯ ಮೆಸೇಜ್ ತೆಗೆದು ನೋಡಿದ. ಆದ್ರೆ ಬಾಟ್ ಜೋಡಿಸಿರೋ ಅಕೌಂಟಲ್ಲಿ ಓದಿದೆ ಅಂತ ಗುರುತು ಹಾಕೋದು ಸಾಫ್ಟ್‌ವೇರು, ಹಾಕ್ಬೇಕೋ ಬೇಡವೋ, ಯಾವಾಗ ಹಾಕ್ಬೇಕು ಅಂತ ಅದನ್ನ ಕೂರಿಸಿದೋರು ತೀರ್ಮಾನ ಮಾಡಿರ್ತಾರೆ. ಇಲ್ಲಿ ಮೆಸೇಜ್ ಬಂದ ಕೂಡ್ಲೇ ಓದಿದ ಗುರುತು ಹಾಕು ಅಂತ ಇಟ್ಟಿದ್ರು, ಚುರುಕಾಗಿ ಕಾಣ್ಲಿ ಅಂತ. ಆಫೀಸ್ ಬಾಗಿಲು ಹಾಕಿ ಎಲ್ರೂ ಮನೆಗೆ ಹೋಗಿದ್ರೂ ನೀಲಿ ಟಿಕ್ ಬೀಳ್ತಾ ಇತ್ತು. ಹೊಸನಗರದ ಆ ಹೆಣ್ಮಗಳಿಗೆ ಅನ್ನಿಸಿದ್ದೇನು? ವಿಡಿಯೋ ನೋಡಿದ್ರು, ನನ್ನ ದನಿ ಕೇಳಿದ್ರು, ಈಗ ಏನೋ ಹೇಳ್ತಾರೆ.

ಹೇಳಿದ್ದು ಬಾಟ್. "ಮಾರಾಟಕ್ಕೆ 1, ಸರ್ವಿಸ್‌ಗೆ 2 ಒತ್ತಿ." ಅವರು ಇನ್ನೊಂದು ವಾಯ್ಸ್ ಮೆಸೇಜ್ ಹಾಕಿದ್ರು. ಬಾಟ್‌ಗೆ ದನಿ ಅರ್ಥ ಆಗಲ್ಲ, "ದಯವಿಟ್ಟು ಸರಿಯಾದ ಆಯ್ಕೆ ಆರಿಸಿ" ಅಂತು. ಮತ್ತೆ ವಾಯ್ಸ್, ಮತ್ತೆ ಅದೇ ಉತ್ತರ. ಪ್ರತಿಯೊಂದಕ್ಕೂ ನೀಲಿ ಟಿಕ್. ಕೊನೆಗೆ 2 ಒತ್ತಿದ ಮೇಲೆ ಉದ್ದದ ಒಂದು ಟಿಕೆಟ್ ನಂಬರ್ ಬಂತು. ಬೆಳಿಗ್ಗೆ ಇನ್ನೊಂದು ಮೆಸೇಜ್, "ನಿಮ್ಮ ದೂರನ್ನು ತಂತ್ರಜ್ಞರಿಗೆ ವಹಿಸಲಾಗಿದೆ." ತಂತ್ರಜ್ಞ ಅಂದ್ರೆ ಫಿಟ್ಟರ್, ಆ ಹುಡುಗ ಆವತ್ತು ಕೊಪ್ಪದ ಆಚೆ ಇದ್ದ, ಈ ಕಡೆ ಬರೋಕೆ ಇನ್ನೊಂದು ದಿನ ಬೇಕು ಅಂತ ಅವನಿಗೂ ಗೊತ್ತು, ಆಫೀಸಲ್ಲಿ ಕೂತಿರೋ ಹುಡುಗಿಗೂ ಗೊತ್ತು. ಅದನ್ನ ಆ ಮನೆಗೆ ಹೇಳೋ ಕೆಲಸ ಮಾತ್ರ ಯಾರ ಪಾಲಿಗೂ ಇರ್ಲಿಲ್ಲ, ಸಿಸ್ಟಮ್ ಹೇಳುತ್ತೆ ಅಂತ ಎಲ್ರೂ ಅಂದ್ಕೊಂಡಿದ್ರು.

ಎರಡನೇ ದಿನ ರಾತ್ರಿ ಆಫೀಸ್ ಹುಡುಗಿಗೆ ಪಾಪ ಅನ್ನಿಸಿ, "ಅಕ್ಕ, ನಾಳೆ ಬೆಳಿಗ್ಗೆ ಖಂಡಿತ ಬರ್ತಾರೆ" ಅಂತ ಟೈಪ್ ಮಾಡಿ ಕಳ್ಸೋಕೆ ಹೋದ್ರೆ ಹೋಗ್ಲಿಲ್ಲ. ಈ ಥರದ ಅಕೌಂಟಲ್ಲಿ ಗಿರಾಕಿ ಕೊನೇ ಮೆಸೇಜ್ ಹಾಕಿ 24 ಗಂಟೆ ಕಳೆದ್ರೆ ಕಂಪನಿಯೋರು ಮನಸ್ಸಿಗೆ ಬಂದಿದ್ದು ಬರೆಯೋ ಹಂಗಿಲ್ಲ, ಮುಂಚೇನೇ ಒಪ್ಪಿಗೆ ಪಡೆದ ಸಿದ್ಧ ಒಕ್ಕಣೆ ಮಾತ್ರ ಕಳಿಸ್ಬಹುದು. ಇದು ಜನಕ್ಕೆ ಬೇಡದ ಜಾಹೀರಾತು ಹೋಗ್ಬಾರ್ದು ಅಂತ ವಾಟ್ಸಾಪ್‌ನೋರು ಇಟ್ಟ ನಿಯಮ, ಒಳ್ಳೇದೇ. ಆದ್ರೆ ಮಲೆನಾಡಲ್ಲಿ ರಿಪೇರಿ ಅಂದ್ರೆ ಒಂದು ದಿನ ದಾಟೋದು ಮಾಮೂಲಿ, ಹಾಗಾಗಿ ಮನುಷ್ಯರ ಮಾತು ಜಾಸ್ತಿ ಬೇಕಾಗಿರೋ ಹೊತ್ತಿಗೇ ಇಲ್ಲಿ ಬಾಯಿ ಕಟ್ಟುತ್ತೆ. ಇದ್ದ ಒಕ್ಕಣೆ ಒಂದೇ, "ನಿಮ್ಮ ದೂರು ಪ್ರಗತಿಯಲ್ಲಿದೆ, ನಿಮ್ಮ ತಾಳ್ಮೆಗೆ ಧನ್ಯವಾದ." ಅದನ್ನೇ ಕಳಿಸಿದ್ಲು. ಮೆಟ್ಟುಗತ್ತಿ ಮೇಲೆ ಕೂತಿರೋರಿಗೆ ತಾಳ್ಮೆಗೆ ಧನ್ಯವಾದ. ಫೋನ್ ಎತ್ತಿ ಒಂದು ಕಾಲ್ ಮಾಡಿದ್ರೆ ಮುಗೀತಿತ್ತು, ಆದ್ರೆ ಎಲ್ಲಾ ಸಿಸ್ಟಮ್ ಒಳಗೇ ನಡೀಬೇಕು, ಹೊರಗೆ ಕಾಲ್ ಮಾಡಿದ್ರೆ ಲೆಕ್ಕಕ್ಕೆ ಸಿಗಲ್ಲ ಅಂತ ಅವಳಿಗೆ ಹೇಳಿದ್ರು.

ಮೂರನೇ ದಿನ ಬೆಳಿಗ್ಗೆ ಫಿಟ್ಟರ್ ಹೊರಟ. ಆ ಮನೆ ಹತ್ರ ನೆಟ್‌ವರ್ಕ್ ಸಿಗಲ್ಲ ಅಂತ ಅವನಿಗೆ ಗೊತ್ತು, ಆಪಲ್ಲಿ ಕೆಲಸ ಮುಗೀತು ಅಂತ ಹಾಕ್ದಿದ್ರೆ ಸಂಜೆ ಆಫೀಸಿಂದ ಕೇಳ್ತಾರೆ, ಹಾಗಾಗಿ ನಗರ ಪೇಟೇಲಿ ಸಿಗ್ನಲ್ ಇರೋವಾಗ್ಲೇ 'ಪೂರ್ಣ' ಒತ್ತಿ ಮುಂದೆ ಹೋದ. ಅವನು ಮನೆ ಅಂಗಳಕ್ಕೆ ಬರೋದಕ್ಕೂ ಮೊದ್ಲೇ ದೂರು ಕೊಟ್ಟ ಆ ಫ್ಯಾಮಿಲಿ ವಾಟ್ಸಾಪಿಗೆ "ನಿಮ್ಮ ದೂರು ಪರಿಹಾರವಾಗಿದೆ, ನಮಗೆ ರೇಟಿಂಗ್ ಕೊಡಿ" ಅಂತ ಬಂದಾಗಿತ್ತು. ಕೆಪಾಸಿಟರ್ ಹೋಗಿತ್ತು, ಬೆಲ್ಟೂ ಸಡಿಲ ಇತ್ತು, ಅರ್ಧ ಗಂಟೇಲಿ ಸರಿ ಮಾಡಿದ. ಮನೆಯೋರು ಅವನಿಗೆ ಕಾಫಿ ಕೊಟ್ರು, ತಿಂಡಿ ತಿಂದ್ಕೊಂಡು ಹೋಗಪ್ಪ ಅಂದ್ರು, ಅವನ ಮೇಲೆ ಯಾರಿಗೂ ಸಿಟ್ಟಿರ್ಲಿಲ್ಲ. ಅದೇ ಅಕೌಂಟು ಬೆಂಗಳೂರಲ್ಲಿದ್ದ ಮಗನ ಲ್ಯಾಪ್‌ಟಾಪಲ್ಲೂ ತೆರೆದಿತ್ತು, ಅವನು ಮೀಟಿಂಗ್ ನಡುವೆ ಆ ಮೆಸೇಜ್ ನೋಡಿ ಮನೆಗೆ ಫೋನ್ ಹಚ್ಚಿದ್ರೆ ಸಿಗ್ಲಿಲ್ಲ, ಇನ್ನೂ ಯಾರೂ ಬಂದಿಲ್ಲ ಅನ್ನೋದು ಮಾತ್ರ ಹಿಂದಿನ ರಾತ್ರಿಯಿಂದ ಗೊತ್ತಿತ್ತು, ಒಂದು ಸ್ಟಾರ್ ಕೊಟ್ಟು "ಬರದೇ ಬಂದೆ ಅಂತಾರೆ" ಅಂತ ಬರೆದ.

ಇಲ್ಲಿ ಗಮನಿಸ್ಬೇಕಾದ್ದು, ಕಾಯ್ತಾ ಇದ್ದೋರು ಒಬ್ರು, ತೀರ್ಪು ಬರೆದೋರು ಇನ್ನೊಬ್ರು. ಇದು ಮಲೆನಾಡಲ್ಲಿ ಈಗ ಮನೆ ಮನೆ ಕಥೆ. ತೋಟ ಊರಲ್ಲಿ, ಮಕ್ಕಳು ಬೆಂಗಳೂರಲ್ಲಿ. ಫಿಟ್ಟರ್ ಹುಡುಗ ಮಳೇಲಿ ನೆನೆದು ಬಂದಿದ್ದು, ಒಳ್ಳೇ ಕೆಲಸ ಮಾಡಿದ್ದು, ಬೇರಿಂಗಿಗೆ ಗ್ರೀಸ್ ಹಾಕಿ ದುಡ್ಡು ತಗೊಳ್ದೇ ಹೋಗಿದ್ದು ಇದ್ಯಾವುದೂ ದೂರದ ಮಗನಿಗೆ ಕಾಣಲ್ಲ. ಅವನಿಗೆ ಕಂಪನಿ ಅಂದ್ರೆ ಸ್ಕ್ರೀನ್ ಮೇಲೆ ಬಂದ ನಾಲ್ಕು ಮೆಸೇಜ್ ಅಷ್ಟೇ. ಆ ನಾಲ್ಕೂ ಮೆಸೇಜ್ ಸುಳ್ಳು ಹೇಳಿದ್ವು. ಓದದೇ ಓದಿದೀನಿ ಅಂತು, ಬರೋಕಾಗ್ದೋರಿಗೆ ವಹಿಸಿದೀನಿ ಅಂತು, ನಿಂತಿರೋ ಕೆಲಸ ಪ್ರಗತಿಯಲ್ಲಿದೆ ಅಂತು, ಆಗದೇ ಇರೋದು ಆಯ್ತು ಅಂತು. ಯಾರೂ ಮೋಸ ಮಾಡ್ಬೇಕು ಅಂತ ಮಾಡಿದ್ದಲ್ಲ, ಆದ್ರೆ ಪರಿಣಾಮ ಅದೇ.

ಸೇವೆಯ ಗುಣಮಟ್ಟದ ಬಗ್ಗೆ ಓದಿದೋರಿಗೆ ಪರಶುರಾಮನ್, ಜೈಥಾಮಲ್, ಬೆರ್ರಿ ಅನ್ನೋ ಮೂವರ ಹೆಸರು ಗೊತ್ತಿರುತ್ತೆ. 1985ರಲ್ಲಿ ಅವರು ಗಿರಾಕಿ ಸೇವೆಯನ್ನ ಅಳೆಯೋ ಹತ್ತು ಅಂಶ ಹೇಳಿದ್ರು, 1988ರಲ್ಲಿ ಅದನ್ನ ಐದಕ್ಕೆ ಇಳಿಸಿ 22 ಪ್ರಶ್ನೆಗಳ ಒಂದು ಅಳತೆಗೋಲು ಮಾಡಿದ್ರು. ಆ ಐದರಲ್ಲಿ ಒಂದು ಸ್ಪಂದನೆ. ಅದರ ಕೆಳಗಿರೋ ನಾಲ್ಕು ಪ್ರಶ್ನೆಗಳನ್ನ ಬಿಡಿಸಿ ನೋಡಿದ್ರೆ ಈ ಕಂಪನಿ ಎಲ್ಲಿ ಎಡವಿತು ಅಂತ ಗೊತ್ತಾಗುತ್ತೆ. ಸೇವೆ ಯಾವಾಗ ಸಿಗುತ್ತೆ ಅಂತ ಸರಿಯಾಗಿ ಹೇಳ್ತಾರಾ, ಚುರುಕಾಗಿ ಮಾಡ್ತಾರಾ, ಸಹಾಯ ಮಾಡೋ ಮನಸ್ಸಿದೆಯಾ, ಎಷ್ಟೇ ಕೆಲಸ ಇದ್ರೂ ಕೇಳಿದ್ದಕ್ಕೆ ಓಗೊಡ್ತಾರಾ. ಚುರುಕು ಅನ್ನೋದು ನಾಲ್ಕರಲ್ಲಿ ಒಂದೇ. ಡ್ಯಾಶ್‌ಬೋರ್ಡ್ ಅಳೀತಾ ಇದ್ದಿದ್ದು ಅದೊಂದನ್ನೇ, ಅದರಲ್ಲೂ ಬಾಟ್ ಉತ್ತರದ ಚುರುಕನ್ನ. ಯಾವಾಗ ಬರ್ತೀವಿ ಅನ್ನೋದನ್ನ ಅಳೆಯೋ ಜಾಗವೇ ಅದರಲ್ಲಿ ಇರ್ಲಿಲ್ಲ.

ಇಂಟರ್ನೆಟ್ ಸೇವೆಗಳು ಬಂದ ಮೇಲೆ, 2005ರಲ್ಲಿ, ಪರಶುರಾಮನ್ ಮತ್ತು ಜೈಥಾಮಲ್ ಇಬ್ರೂ ಮಲ್ಹೋತ್ರಾ ಅನ್ನೋ ಇನ್ನೊಬ್ರ ಜೊತೆ ಸೇರಿ ವೆಬ್‌ಸೈಟುಗಳಿಗೆ ಬೇರೆ ಅಳತೆ ಮಾಡಿದ್ರು. ಅದರಲ್ಲಿ ನನಗೆ ಹಿಡಿಸಿದ್ದು, ಎಲ್ಲಾ ಸರಾಗ ಇರೋವಾಗಿನ ಅಳತೆ ಬೇರೆ, ಏನಾದ್ರೂ ಕೆಟ್ಟು ಗಿರಾಕಿ ತೊಂದರೇಲಿ ಇರೋವಾಗಿನ ಅಳತೆ ಬೇರೆ ಅಂತ ವಿಂಗಡಿಸಿರೋದು. ತೊಂದರೆಯ ಅಳತೇಲಿ ಮೂರು ಅಂಶ ಇದೆ: ಸ್ಪಂದನೆ, ಆದ ನಷ್ಟಕ್ಕೆ ಪರಿಹಾರ ಕೊಡೋದು, ಮತ್ತೆ ಫೋನಲ್ಲೋ ಆನ್‌ಲೈನಲ್ಲೋ ಒಬ್ಬ ಮನುಷ್ಯ ಸಿಗೋ ವ್ಯವಸ್ಥೆ. ಮನುಷ್ಯ ಸಿಗೋದನ್ನ ಸ್ಪಂದನೆ ಜೊತೆ ಬೆರೆಸದೇ ಬೇರೆಯಾಗಿ ಇಟ್ಟಿದಾರೆ. ಬಾಟ್ ಎಷ್ಟೇ ಬೇಗ ಉತ್ತರ ಕೊಟ್ರೂ ಆ ಮೂರನೇ ಖಾನೆ ಖಾಲಿ ಇರುತ್ತೆ ಅಂತ ಇದರಿಂದ ತಿಳ್ಕೋಬಹುದು. ಕಾಯೋದರ ಬಗ್ಗೆ ಮೈಸ್ಟರ್ ಅನ್ನೋರು 1985ರಲ್ಲೇ ಬರೆದಿದ್ರು, ಎಷ್ಟು ಹೊತ್ತು ಅಂತ ಗೊತ್ತಿಲ್ದೇ ಕಾಯೋದು ಗೊತ್ತಿದ್ದು ಕಾಯೋದಕ್ಕಿಂತ ಉದ್ದ ಅನ್ನಿಸುತ್ತೆ, ಕಾರಣ ಹೇಳ್ದೇ ಕಾಯಿಸಿದ್ರೆ ಇನ್ನೂ ಉದ್ದ ಅಂತ. ನಗರದ ಆ ಮನೇಲಿ ಎರಡೂ ಒಟ್ಟಿಗೆ ಆಗಿತ್ತು.

ಇದಕ್ಕೆ ಎದುರಾಗಿ ತೀರ್ಥಹಳ್ಳಿ ಕಡೆ ಒಬ್ರು ಮೆಕ್ಯಾನಿಕ್ ಇದಾರೆ, ಒಂಟಿ ಕೆಲಸ, ಕೈಲಿರೋದು ಸಾದಾ ಫೋನ್. ಅವರು ಬರೋಕೆ ಎಷ್ಟೋ ಸಲ ನಾಲ್ಕು ದಿನ ಹಿಡಿಯುತ್ತೆ. ಆದ್ರೂ ನಾನು ಮಾತಾಡಿಸಿದ ಬೆಳೆಗಾರರು, ಅವರು ಕೂಡ್ಲೇ ಸ್ಪಂದಿಸ್ತಾರೆ ಅಂತಲೇ ಹೇಳೋದು. ಯಾಕೆ ಅಂತ ಕೇಳಿದ್ರೆ ಒಬ್ಬ ಗೌಡ್ರು ಹೇಳಿದ್ದು ಹೀಗೆ: "ಅವ್ರು ಗುರುವಾರ ಅಂದ್ರೆ ಗುರುವಾರ. ಬುಧವಾರ ರಾತ್ರಿ ಒಂದ್ಸಲ ಫೋನ್ ಮಾಡಿ, ಗೌಡ್ರೆ ನಾಳೆ ನಿಮ್ಮಲ್ಲಿಗೇ ಬರೋದು, ಕರೆಂಟ್ ಎಷ್ಟೊತ್ತಿಗೆ ಇರುತ್ತೆ ಅಂತ ಕೇಳ್ತಾರೆ. ಇನ್ನೆಂತ ಬೇಕು?" ಕರೆಂಟ್ ಎಷ್ಟೊತ್ತಿಗೆ ಇರುತ್ತೆ ಅನ್ನೋ ಒಂದು ಪ್ರಶ್ನೇಲಿ ಆ ಮನುಷ್ಯ ನಮ್ಮ ಮನೆ ಕಷ್ಟ ಬಲ್ಲ ಅನ್ನೋ ಭರವಸೆ ಸಿಗುತ್ತೆ. ನಾಲ್ಕು ದಿನ ಆಮೇಲೆ ಯಾರ ಲೆಕ್ಕಕ್ಕೂ ಬರಲ್ಲ.

ಇಷ್ಟೂ ಮುಂದಿಟ್ಟ ಮೇಲೆ ಮಾಲೀಕರು ಇದನ್ನೆಲ್ಲಾ ಕಿತ್ತು ಹಾಕು, ನೋಟ್ ಬುಕ್ಕೇ ಸಾಕು ಅಂದ್ರು. ಮಗ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ನೋಟ್ ಬುಕ್ಕಲ್ಲಿ ಬಿಟ್ಟುಹೋದ ದೂರುಗಳೂ ಇದ್ವು, ಮಾಲೀಕರಿಗೆ ಹುಷಾರಿಲ್ಲದ ವಾರ ಪುಟಗಳೇ ಖಾಲಿ. ಟಿಕೆಟ್ ವ್ಯವಸ್ಥೇಲಿ ಒಂದು ದೂರೂ ಕಳೆದುಹೋಗಿರ್ಲಿಲ್ಲ, ಅದು ಸಣ್ಣ ವಿಷಯ ಅಲ್ಲ. ತಂತ್ರಜ್ಞಾನ ಉಳೀಲಿ, ಆದ್ರೆ ಅದು ಆಡೋ ಒಂದೊಂದು ಮಾತೂ ನಿಜ ಇರ್ಬೇಕು, ಅಷ್ಟನ್ನ ಸರಿ ಮಾಡೋಣ ಅಂತ ತೀರ್ಮಾನ ಆಯ್ತು.

ಮೊದ್ಲು ಮಾಡಿದ್ದು ನೀಲಿ ಟಿಕ್ ತೆಗೆದಿದ್ದು. ಈಗ ಆಫೀಸಲ್ಲಿ ಯಾರಾದ್ರೂ ನಿಜವಾಗ್ಲೂ ಮೆಸೇಜ್ ತೆಗೆದಾಗ ಮಾತ್ರ ಟಿಕ್ ನೀಲಿ ಆಗುತ್ತೆ. ಸಂಜೆ ಮೇಲೆ ಬಂದ ಮೆಸೇಜಿಗೆ ಬಾಟ್, ಇದು ತಾನಾಗೇ ಹೋಗೋ ಉತ್ತರ, ಈಗ ಆಫೀಸಲ್ಲಿ ಯಾರೂ ಇಲ್ಲ, ಬೆಳಿಗ್ಗೆ ಒಂಬತ್ತರ ಒಳಗೆ ನಿಮಗೆ ಕಾಲ್ ಬರುತ್ತೆ ಅಂತ ಹೇಳುತ್ತೆ. ವಾಯ್ಸ್ ಮೆಸೇಜ್ ಬಂದ್ರೆ ಬಾಟ್ ಮೆನು ತೋರಿಸದೇ ಸುಮ್ನೆ ಅದನ್ನ ಆಫೀಸ್ ಹುಡುಗಿಗೆ ದಾಟಿಸುತ್ತೆ, ಯಾಕಂದ್ರೆ ನಮ್ಮ ಕಡೆ ದೂರು ಅಂದ್ರೆ ಹೆಚ್ಚಿನಂಶ ದನೀಲೇ ಬರೋದು, ಅಡಿಕೆ ಚೊಗರು ಮೆತ್ತಿರೋ ಕೈಲಿ ಯಾರು ಟೈಪ್ ಮಾಡ್ತಾರೆ. ಬೆಳಿಗ್ಗೆ ಅವಳ ಮೊದಲ ಕೆಲಸ ರಾತ್ರಿ ಬಂದ ದೂರಿನೋರಿಗೆಲ್ಲಾ ಫೋನ್ ಮಾಡಿ ದಿನ ಹೇಳೋದು. ಇವತ್ತಾಗಲ್ಲ ಅಂದ್ರೆ ಆಗಲ್ಲ ಅಂತಲೇ. ಮೊದಮೊದ್ಲು ಅವಳು ಹೆದರಿದ್ಲು, ಆಗಲ್ಲ ಅಂದ್ರೆ ಬೈತಾರೆ ಅಂತ. ಬೈದೋರು ಕಮ್ಮಿ, "ಮೊದ್ಲೇ ಹೇಳಿದ್ದು ಒಳ್ಳೇದಾಯ್ತು ತಂಗಿ" ಅಂದೋರೇ ಜಾಸ್ತಿ.

'ಪೂರ್ಣ' ಅನ್ನೋ ಬಟನ್ ಫಿಟ್ಟರ್ ಆಪಿಂದ ತೆಗೆದ್ರು. ಅವನು 'ಕೆಲಸ ಮಾಡಿದೀನಿ' ಅಂತ ಹಾಕ್ಬಹುದು, ನೆಟ್‌ವರ್ಕ್ ಇಲ್ದಿದ್ರೂ ಫೋನಲ್ಲಿ ಉಳಿದು ಸಿಗ್ನಲ್ ಸಿಕ್ಕಾಗ ಹೋಗುತ್ತೆ, ಆದ್ರೆ ಟಿಕೆಟ್ ಮುಚ್ಚೋದು ಮನೆಯೋರು ಮಷಿನ್ ಓಡ್ತಿದೆ ಅಂದ ಮೇಲೇನೇ. ನಮ್ಮ ದೇಶದ ಕಾನೂನಲ್ಲೂ ದೂರು ತಲುಪೋದು, ಪರಿಹಾರ ಆಗೋದು ಎರಡನ್ನ ಬೇರೆ ಬೇರೆ ಇಟ್ಟಿದಾರೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದೆ ಅಂತ 48 ಗಂಟೆ ಒಳಗೆ ತಿಳಿಸ್ಬೇಕು, ಪರಿಹಾರಕ್ಕೆ ಒಂದು ತಿಂಗಳು. ಈ ಕಂಪನಿಗೆ ಆ ನಿಯಮ ಅನ್ವಯ ಆಗಲ್ಲ, ಆದ್ರೆ ತಲುಪಿದ್ದೇ ಬೇರೆ, ಪರಿಹಾರ ಆಗಿದ್ದೇ ಬೇರೆ ಅನ್ನೋದನ್ನ ಮಾಲೀಕರ ಮಗನಿಗೆ ವಿವರಿಸೋಕೆ ನಾನು ಅದನ್ನೇ ತೋರಿಸಿದ್ದು.

ಬೆಂಗಳೂರಿನ ಮಕ್ಕಳ ವಿಷಯಕ್ಕೂ ಒಂದು ದಾರಿ ಆಯ್ತು. ದೂರು ಬರ್ಕೊಳ್ಳೋವಾಗ್ಲೇ ಇನ್ಯಾರಿಗಾದ್ರೂ ತಿಳಿಸ್ಬೇಕಾ ಅಂತ ಕೇಳ್ತಾರೆ, ಹೇಳಿದ್ರೆ ಅವರಿಗೂ ಮೆಸೇಜ್ ಹೋಗುತ್ತೆ. ಕೆಲಸ ಮುಗಿದ ಮೇಲೆ ಮಷಿನ್ ಓಡ್ತಿರೋ ಸಣ್ಣ ವಿಡಿಯೋನ ಫಿಟ್ಟರ್ ಕಳಿಸ್ತಾನೆ, ಮನೆಯೋರ ಒಪ್ಪಿಗೆ ಕೇಳಿ. ಗೂಗಲ್ಲಲ್ಲಿ ಬಂದ ಹಳೇ ಒಂದು ಸ್ಟಾರ್‌ಗಳಿಗೆ ಮಾಲೀಕರ ಮಗನೇ ಕೂತು ಒಂದೊಂದಕ್ಕೂ ಉತ್ತರ ಬರೆದ, ಎಲ್ಲಿ ತಪ್ಪಾಯ್ತು ಅಂತ ಬಿಡಿಸಿ ಬರೆದ. ನಗರದ ಆ ಮನೆ ಮಗ ತನ್ನ ಸ್ಟಾರ್ ಬದಲಾಯಿಸ್ಲಿಲ್ಲ, ಆದ್ರೆ ಕೆಳಗೆ ಒಂದು ಸಾಲು ಸೇರಿಸಿದಾನೆ, ಈಗ ಫೋನ್ ಎತ್ತುತಾರೆ ಅಂತ. ಅದು ಅವನ ಹಕ್ಕು, ಬದಲಾಯಿಸಿ ಅಂತ ಯಾರೂ ಕೇಳಿಲ್ಲ, ಕೇಳ್ಬಾರ್ದು ಕೂಡ.

ಡ್ಯಾಶ್‌ಬೋರ್ಡಲ್ಲಿ ಈಗ ಮೊದಲ ಉತ್ತರದ ಸಮಯ ತುಂಬಾ ಕೆಟ್ಟದಾಗಿ ಕಾಣುತ್ತೆ, ಯಾಕಂದ್ರೆ ಬಾಟ್ ಉತ್ತರಾನ ಅದರಲ್ಲಿ ಎಣಿಸಲ್ಲ. ಅದರ ಪಕ್ಕ ಹೊಸದೊಂದು ಕಾಲಂ ಬಂದಿದೆ, ಹೇಳಿದ ದಿನ ಹೋದ್ವಾ ಇಲ್ವಾ. ಮಾಲೀಕರು ಬೆಳಿಗ್ಗೆ ಬಂದ ಕೂಡ್ಲೇ ನೋಡೋದು ಅದನ್ನ. ಗುಂಪುಗಳಲ್ಲಿ 'ನೋಡಿ ಸುಮ್ನಿರ್ತಾರೆ' ಅನ್ನೋ ಮಾತು ನಿಂತಿದೆ. ತಡ ಆಯ್ತು ಅನ್ನೋ ದೂರು ನಿಂತಿಲ್ಲ, ನಿಲ್ಲೋದೂ ಇಲ್ಲ, ಶಿವಮೊಗ್ಗದಿಂದ ಆಗುಂಬೆ ಕಡೆಗೋ ಮಾಸ್ತಿಕಟ್ಟೆ ಕಡೆಗೋ ಒಂದು ಗಾಡಿ ಹೋಗಿ ಬರೋದು ಅಂದ್ರೆ ಒಂದು ದಿನದ ಕೆಲಸ, ಅದನ್ನ ಯಾವ ಆಪೂ ಕಮ್ಮಿ ಮಾಡಲ್ಲ.

ಬಗೆಹರೀದೇ ಉಳಿದಿರೋದು ಎರಡು. 24 ಗಂಟೆ ಕಳೆದ ಮೇಲೆ ಬರೆಯೋಕೆ ಆಗದಿರೋದಕ್ಕೆ ಹೊಸ ಒಕ್ಕಣೆಗಳನ್ನ ಮಾಡಿ ಒಪ್ಪಿಗೆ ತಗೊಂಡಿದಾರೆ, ಫಿಟ್ಟರ್ ಹೆಸರು, ಬರೋ ದಿನ, ತಡದ ಕಾರಣ ತುಂಬೋ ಹಾಗೆ, ಆದ್ರೂ ಸೀಸನ್ ತುದೀಲಿ ಒಬ್ಬಳೇ ಹುಡುಗಿ ಅಷ್ಟೂ ಕಾಲ್, ಅಷ್ಟೂ ವಾಯ್ಸ್ ಕೇಳೋದು ಆಗೋ ಮಾತಲ್ಲ, ಅವಳ ಗಂಟಲು ಕಟ್ಟಿಹೋಗಿದ್ದು ನಾನೇ ನೋಡಿದೀನಿ. ನವೆಂಬರ್‌ನಿಂದ ಮೂರು ತಿಂಗಳಿಗೆ ಇನ್ನೊಬ್ರನ್ನ ತಗೊಳ್ಳಿ ಅಂತ ಹೇಳಿದೀನಿ, ಸಂಬಳದ ಲೆಕ್ಕನೂ ಹಾಕಿ ಕೊಟ್ಟಿದೀನಿ. ಇನ್ನೊಂದು ಸ್ಪೇರ್ ವಿಷಯ. ಕೆಪಾಸಿಟರ್, ಬೆಲ್ಟ್, ಬೇರಿಂಗ್ ಇಷ್ಟನ್ನ ಹೊಸನಗರದಲ್ಲೂ ಕೊಪ್ಪದಲ್ಲೂ ಒಂದೊಂದು ಅಂಗಡೀಲಿ ಇಟ್ರೆ ಸಣ್ಣಪುಟ್ಟದಕ್ಕೆ ಅಲ್ಲಿನ ಎಲೆಕ್ಟ್ರಿಷಿಯನ್ನೇ ಹೋಗಿ ಹಾಕಿ ಬರ್ತಾನೆ, ಫೋಟೋ ನೋಡಿ ಇಲ್ಲಿಂದ ಹೇಳ್ಕೊಡ್ಬಹುದು. ಮಾಲೀಕರಿಗೆ ಇದು ಇಷ್ಟ ಆಗಿದೆ, ಮಗನಿಗೆ ವಾರಂಟಿ ಯಾರು ನೋಡ್ಕೊಳ್ತಾರೆ ಅನ್ನೋ ಚಿಂತೆ. ಮಳೆಗಾಲ ಮುಗಿಯೋದ್ರೊಳಗೆ ಹೊಸನಗರದ ಅಂಗಡಿಯೋರ ಹತ್ರ ಮಾತಾಡ್ಕೊಂಡು ಬರ್ತೀವಿ ಅಂದಿದಾರೆ.